ತಣ್ಣನೆಯ ಮುಖಪುಟ

ಸುದ್ದಿ ಯಾವ ಊರಿನದೋ ಆ ಊರಿನ ಹವೆ ಪತ್ರಿಕೆಯ ಕಾಗದಕ್ಕೂ ಹತ್ತುತ್ತಿದ್ದ ಕಾಲ ಅದು. ರಾಯಚೂರಿನ ಬಿಸಿಲಿನ ಸುದ್ದಿ ಅಚ್ಚಾದ ದಿನ ಪತ್ರಿಕೆ ಕಾದ ಹಂಚಾಗುತ್ತಿತ್ತು. ಓದುಗರು ಫೋನು ಮಾಡಿ ಉಗಿಯುತ್ತಿದ್ದರು. ಹಾಗಾಗಿ ಉಪಸಂಪಾದಕ ಶರಭಯ್ಯ ಮುಖಪುಟಕ್ಕೆ ಯುರೋಪಿನ ಹಿಮಪಾತವನ್ನೇ ಹಾಕುತ್ತಿದ್ದ. ಒಂದು ದಿನ ಬಿಸಿಲಿಗೆ ಗೋಡೆ ಕಟ್ಟುವ ಗೌಂಡಿಯೊಬ್ಬ ಸತ್ತ ಸುದ್ದಿ ಬಂದಾಗಲೂ, ಹೆಸರು ಸಹ ನೋಡದೆ ಕಿತ್ತುಹಾಕಿದ್ದ.

ಮರುದಿನ ಬೆಳಿಗ್ಗೆ ನೋಡಿದರೆ, ಸತ್ತವನು ಅವನದೇ ಓಣಿಯ ಯಂಕೋಬ. ಹೆಣ ಕೆಡದಿರಲೆಂದು, ಊರಿನ ರೂಢಿಯಂತೆ, ಅಂದಿನ ಪತ್ರಿಕೆಗಳನ್ನು ಹೊದಿಸಿದ್ದರು. ಎದೆಯ ಮೇಲೆ ಶರಭಯ್ಯ ಆರಿಸಿದ ಹಿಮದ ಚಿತ್ರವಿತ್ತು.

ಯಂಕೋಬನ ಹೆಂಡತಿ ತಿಮ್ಮವ್ವ ಕೈಮುಗಿದಳು. "ನಿಮಗ ಪುಣ್ಯ ಬರ್ಲಿ, ಸರ. ಭಾಳ ತಂಪೈತಿ ನಿಮ್ಮ ಪೇಪರ್. ಮಗಳು ಪುಣೆದಿಂದ ನಾಳಿ ಸಂಜಿಗೆ ಬರ್ತಾಳ, ಅಲ್ಲೀತನ ಇಡಬೇಕಲ್ರಿ."

ಶರಭಯ್ಯನಿಗೆ ಮುಖ ಎತ್ತಲಾಗಲಿಲ್ಲ. "ಯಂಕೋಬನ ಸುದ್ದಿ ನಾಳಿ ಮುಖಪುಟದಾಗ ಹಾಕ್ತೀನವ್ವ," ಎಂದ.

ತಿಮ್ಮವ್ವ ಗಾಬರಿಯಾಗಿ ಅವನ ಕೈ ಹಿಡಿದುಕೊಂಡಳು.

"ಬ್ಯಾಡ್ರಿ ಸರ! ನಾಳಿ ಪೇಪರ್ ಕಾದ್ರ ಇವರ ಮ್ಯಾಲೆ ಏನ್ ಹೊಚ್ಚಲಿ?"

ಶರಭಯ್ಯ ತನ್ನ ಚೀಲದಲ್ಲಿದ್ದ ಪ್ರತಿಯನ್ನು ತೆಗೆದು, ಯಂಕೋಬನ ಬರಿಗಾಲ ಮೇಲೆ ತಾನೇ ಹೊದಿಸಿದ.