ಕುರಿಯ ಕಿವಿ

ಬೇಯಿಸಿದ ಕುರಿತಲೆಯ ಮೇಲೆ ತುರ್ದುಬೈ ಅಜ್ಜನ ಚಾಕು ಇಳಿಯುವ ಹೊತ್ತಿಗೂ ಫಿಲಿಪ್ ಸಾಹೇಬರ ಪ್ರಶ್ನಾವಳಿ ಮುಗಿದಿರಲಿಲ್ಲ. ಕಮ್ಯುನಿಸ್ಟರು ಹೋದ ಮೇಲೆ ಕಿರ್ಗಿಸ್ತಾನ ಎಷ್ಟು ಸುಧಾರಿಸಿತು ಎಂದು ಮೂರು ಪುಸ್ತಕ ಬರೆದ ಈ ಪಂಡಿತರಿಗೆ ಇಲ್ಲಿನ ಭಾಷೆಯಲ್ಲಿ ಕುಡಿಯಲು ನೀರು ಕೇಳುವುದಕ್ಕೂ ಬರುತ್ತಿರಲಿಲ್ಲ. ಅದಕ್ಕೇ ದುಭಾಷಿ ಬೆರ್ಮೆತ್ ಪಕ್ಕದಲ್ಲಿ ಕೂತಿದ್ದಳು.

“ಚುನಾವಣೇಲಿ ಮತಪೆಟ್ಟಿಗೆ ಕದ್ದು ಹೊತ್ಕೊಂಡು ಹೋದೋರನ್ನ ಕಣ್ಣಾರೆ ನೋಡಿದೀನಿ. ಹೆಸರು ಹೇಳ್ತೀನಿ, ಬರ್ಕೊಳ್ಳೋಕೆ ಹೇಳಮ್ಮ,” ಎಂದ ಅಜ್ಜ. ಹೇಳಿದರೆ ನಾಳೆ ಪೊಲೀಸರು ಬಾಗಿಲಿಗೆ ಬರುತ್ತಾರೆಂದು ಅವನಿಗೂ ಗೊತ್ತಿತ್ತು. ಬೆರ್ಮೆತ್ ಅನುವಾದಿಸಿದಳು. ಸಾಹೇಬರು ಗಡಿಯಾರ ನೋಡಿಕೊಂಡರು. “ಹೆಸರೆಲ್ಲ ಬೇಡ. ಇಲ್ಲಿನ ಪ್ರಜಾಪ್ರಭುತ್ವಕ್ಕೆ ಹತ್ತಕ್ಕೆ ಎಷ್ಟು ಕೊಡ್ತಾರೆ, ಅಷ್ಟು ಹೇಳಲಿ ಸಾಕು,” ಎಂದವರೇ ಉತ್ತರಕ್ಕೂ ಕಾಯದೆ ‘ಆರು’ ಎಂದು ಬರೆದುಕೊಂಡರು.

ಅದನ್ನೂ ಬೆರ್ಮೆತ್ ಅಜ್ಜನಿಗೆ ಹೇಳಿದಳು. ಅಜ್ಜ ಕುರಿತಲೆಯಿಂದ ಒಂದು ಕಿವಿ ಕೊಯ್ದು, ಬಲು ವಿನಯದಿಂದ ಸಾಹೇಬರ ತಟ್ಟೆಗೆ ಹಾಕಿದ. ಸುತ್ತ ಕೂತವರು ಕೆಮ್ಮುವ ನೆಪದಲ್ಲಿ ನಗು ನುಂಗಿಕೊಂಡರು. ಹಿರಿಯ ಅತಿಥಿಗೆ ಸಲ್ಲಬೇಕಾದದ್ದು ಇಡೀ ತಲೆ. ಕಿವಿ ಕೊಡುವುದು ಮಕ್ಕಳಿಗೆ, ದೊಡ್ಡವರು ಮಾತಾಡುವಾಗ ಕೇಳಿಸಿಕೊಳ್ಳುವುದನ್ನು ಕಲಿಯಲಿ ಎಂದು.

“ಸಾರ್, ಇದು ಮಕ್ಕಳಿಗೆ…” ಎಂದು ಬೆರ್ಮೆತ್ ಬಾಯಿ ತೆರೆದಳು. ಸಾಹೇಬರು ಕೈಯೆತ್ತಿ ತಡೆದರು. “ಗೊತ್ತು, ಗೊತ್ತು. ಅತಿಥಿಗೆ ಮಾಡೋ ಅತಿ ದೊಡ್ಡ ಗೌರವ,” ಎಂದು ಅದನ್ನೂ ಬರೆದುಕೊಂಡರು.

“ಏನಂತಮ್ಮ?” ಎಂದ ಅಜ್ಜ.

“ಒಂದು ಕಿವಿ ಸಾಲದು ಅಜ್ಜ,” ಎಂದಳು ಬೆರ್ಮೆತ್. “ಇನ್ನೊಂದನ್ನೂ ಕೊಯ್ದು ಹಾಕಿ.”