ನಿವಾಳಿಸಿ ಎಸೆದ ಹೆಲ್ಮೆಟ್

ಮೊಳೆಗೆ ನೇತುಹಾಕಿದ್ದ ಚರ್ಮದ ಜಾಕೆಟ್ಟನ್ನು ದಾನೇಶ್ವರಿ ಕೈಯಲ್ಲಿ ಮುಟ್ಟಲಿಲ್ಲ, ಬಟ್ಟೆ ಒಣಹಾಕುವ ಕೋಲಿನಿಂದ ಎತ್ತಿ ಕೆಳಗಿಳಿಸಿದಳು. ಹೆಲ್ಮೆಟ್ಟನ್ನೂ ಹಾಗೇ ಇಳಿಸಲು ಹೋದಾಗ ಅದು ಧಡ್ ಎಂದು ಬಿದ್ದು, ಗಂಡ ಸೋಮಶೇಖರ್ ಕೂತಿದ್ದ ಕುರ್ಚಿಯವರೆಗೂ ಉರುಳಿಕೊಂಡು ಹೋಯಿತು.

“ಅದೇನು ಸತ್ತ ಹಾವಾ, ಕೋಲಲ್ಲಿ ಎತ್ತಕ್ಕೆ?” ಎಂದ ಆತ, ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲೆ ಸರಿಸಿಕೊಳ್ಳುತ್ತ. “ಭಾನುವಾರ ಚಾಮರಾಜನಗರದಿಂದ ನಿನ್ನ ತಮ್ಮ ಬರ್ತಾನಲ್ಲ, ಅವನಿಗೆ ಕೊಟ್ಬುಡು. ಹೊಸದಾಗಿ ಬೈಕ್ ತಗೊಂಡವ್ನೆ, ಕೇಳ್ತಾನೂ ಇದ್ದ.”

“ನಿಮ್ಮನ್ನ ಕೆಡವಿದ್ದು ಸಾಲ್ದು ಅಂತ ಅವನನ್ನೂ ಕೆಡವ್ಲಾ?”

“ಕೆಡವಿದ್ದು ಕಡವೆ ಕಣೆ. ತಲೆ ಉಳಿಸಿದ್ದು ಹೆಲ್ಮೆಟ್ಟು. ಡಾಕ್ಟ್ರೇ ಅಂದ್ರಲ್ಲ.”

“ಇಷ್ಟು ವರ್ಷ ಬರೀ ತಲೇಲಿ ಓಡಾಡ್ತಿದ್ರಲ್ಲ, ಆಗ ತಲೆ ಎಲ್ಲಾದ್ರೂ ಹೋಗಿತ್ತಾ? ಊಟೀಲಿ ಯಾರೋ ಹಾಕಿ ಬಿಟ್ಟಿದ್ದನ್ನ ತಂದ್ರಿ. ತಂದ ತಿಂಗಳಲ್ಲೇ ಬಿದ್ರಿ.”

ಬೀಜದ ಕಂಪನಿ ಏಜೆಂಟನಾಗಿ ಊರೂರು ಸುತ್ತುವ ಸೋಮಶೇಖರ್‌ಗೆ ಬಂಡೀಪುರದ ರಸ್ತೆಯಲ್ಲಿ ಕಡವೆ ಅಡ್ಡ ಬಂದದ್ದು ನಿಜಕ್ಕೂ ಆ ತಿಂಗಳಲ್ಲೇ. ದಾನೇಶ್ವರಿಗೆ ಇರುವವನು ಒಬ್ಬನೇ ತಮ್ಮ. ಕೊಟ್ಟರೆ ಅವನ ತಲೆಗೆ ಕಂಟಕ. ಇಟ್ಟುಕೊಂಡರೆ ಈ ಮನುಷ್ಯ ಕಾಲು ನೆಟ್ಟಗಾದ ಕೂಡಲೇ ಮತ್ತೆ ಹಾಕಿಕೊಳ್ಳುತ್ತಾನೆ. ಎಸೆಯದೆ ಬೇರೆ ದಾರಿಯೇ ಅವಳಿಗೆ ಕಾಣಲಿಲ್ಲ.

ಅವತ್ತು ಅಮಾವಾಸ್ಯೆ ಬೇರೆ. ಎರಡನ್ನೂ ಕೋಲಿನಿಂದಲೇ ಗೋಣಿಚೀಲಕ್ಕೆ ತುರುಕಿ, ಮೇಲೆ ಉಪ್ಪು, ಒಣಮೆಣಸಿನಕಾಯಿ ಹಾಕಿ, ಗಂಡ ಬೇಡ ಬೇಡವೆಂದರೂ ಕೇಳದೆ ಅವನಿಗೆ ನಿವಾಳಿಸಿದಳು. ಊರಾಚೆ ಮೂರು ದಾರಿ ಕೂಡುವಲ್ಲಿ ಎಸೆದು, ಹಿಂತಿರುಗಿ ನೋಡದೆ ಬಂದು ಕಾಲು ತೊಳೆದಳು. ಎಷ್ಟೋ ದಿನದ ಮೇಲೆ ಅವಳಿಗೆ ಊಟ ಸೇರಿತು. ಭಾನುವಾರ ಬಂದ ತಮ್ಮನಿಗೆ, “ಇಲಿ ಕಡಿದು ಹಾಕ್ಬುಟ್ವು ಕಣೋ” ಎಂದಳು. “ಹೆಲ್ಮೆಟ್ಟನ್ನೂ ಇಲಿ ತಿಂತಾ ಅಕ್ಕ?” ಎಂದು ನೀಲಕಂಠ ನಕ್ಕು, ಬರೀ ತಲೆಯಲ್ಲೇ ಬೈಕ್ ಹತ್ತಿ ಹೋದ.

ಚಳಿ ಹೆಚ್ಚಿದ ಮೇಲೆ ಒಂದು ಬೆಳಿಗ್ಗೆ, ಹಂಗಳದಲ್ಲಿ ಇವರ ಹೊಲ ಕಾಯುವ ಮಹದೇವಯ್ಯ ಅಂಗಳಕ್ಕೆ ಬಂದು ನಿಂತ. ಮೈಮೇಲೆ ಅದೇ ಜಾಕೆಟ್, ತಲೆಯ ಮೇಲೆ ಅದೇ ಹೆಲ್ಮೆಟ್. ಒಂದು ಕೈಗೆ ಸೊಪ್ಪು ಅರೆದು ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದ. ದಾನೇಶ್ವರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅಯ್ಯೋ ಮಾದೇವಣ್ಣ! ಅದನ್ಯಾಕೆ ಎತ್ಕೊಂಡೆ? ಮೇಲಿದ್ದ ಮೆಣಸಿನಕಾಯಿ ಕಾಣಿಸ್ಲಿಲ್ವಾ?”

“ಕಾಣ್ದೆ ಏನವ್ವ. ಚಳಿ ಅನ್ನದು ಮೆಣ್ಸಿನ್‌ಕಾಯ್ಗೆ ಎದರ್ತದಾ? ರಾತ್ರಿ ಒಲ ಕಾಯಕ್ಕೆ ಅಟ್ಟಣೆ ಮ್ಯಾಲೆ ಕೂತ್ರೆ ಗಾಳಿ ಕಿವಿ ಕಿತ್ಕಂಡು ಓಯ್ತದೆ. ಇದ್ನ ಆಕ್ಕಂಡ್ರೆ ಬೆಚ್ಚಗಿರ್ತದೆ ಕಣವ್ವ.”

“ಕೈಗೇನಾಯ್ತು?”

“ಬಿದ್ಬುಟ್ಟೆ. ಕಾಡಂದಿ ಬಂದ್ವು ಅಂತ ದಡಕ್ಕನೆ ಎದ್ದೆ, ಅಟ್ಟಣೆ ಗಳ ಮುರ್ಕತು. ತಲೆ ಕೆಳ್ಗಾಗಿ ಸೀದಾ ಕಲ್ಲಿನ ಮ್ಯಾಲೇ.”

ತಮ್ಮನಿಗೆ ಬೇಡವೆಂದು ಎಸೆದದ್ದು ಈ ಬಡಪಾಯಿಯ ಜೀವಕ್ಕೆ ಬಂತಲ್ಲ ಎನ್ನಿಸಿತು ಅವಳಿಗೆ. “ನಾನು ಹೇಳ್ಲಿಲ್ವಾ, ನಾನು ಹೇಳ್ಲಿಲ್ವಾ” ಎಂದು ಗಂಡನ ಕಡೆ ತಿರುಗಿದಳು.

ಮಹದೇವಯ್ಯ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದ. “ನೋಡಿ, ಈ ಗೀರು ಯಜಮಾನ್ರುದು. ಈ ಕಡೆದು ನಂದು. ಇದು ಇಲ್ದೆ ಓಗಿದ್ರೆ ನೀವು ಇವತ್ತು ನನ್ನ ಮಣ್ಣಿಗೆ ಬರ್ಬೇಕಾಯ್ತಿತ್ತು. ಯಜಮಾನ್ರು ಇದ್ನ ಆಕ್ಕಂಡು ಒಲದ ತಾವ್ಕೆ ಬಂದಿದ್ರಲ್ಲ, ನಿಮ್ದೇ ಅಂತ ಗೊತ್ತಿತ್ತು. ಕೈ ಮುಗ್ದು ಓಗನ ಅಂತ ಬಂದೆ.”

ದಾನೇಶ್ವರಿ ಹತ್ತಿರ ಬಂದು ಮೊದಲ ಸಲ ಅದನ್ನು ಕೈಯಿಂದ ಮುಟ್ಟಿದಳು. ಹಳೆಯ ಗೀರಿನ ಮೇಲೆ ಬೆರಳಾಡಿಸಿದಳು, ಹೊಸದರ ಮೇಲೂ ಆಡಿಸಿದಳು. ಎರಡು ತಲೆ ಉಳಿದಿದ್ದವು. ಅಳು ನಗು ಎರಡೂ ಒಟ್ಟಿಗೆ ಬಂದು, ಜಗಲಿಯ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಪಘಾತದ ದಿನದಿಂದ ಹೊಟ್ಟೆಯೊಳಗೆ ಕೂತಿದ್ದ ಹೆದರಿಕೆ ಈಗ ನಿಜವಾಗಿ ಇಳಿಯಿತು.

“ರೀ, ಕೋಲೂರಿಕೊಂಡಾದ್ರೂ ಎಸ್‌ಟಿಡಿ ಬೂತಿಗೆ ಹೋಗಿ ನೀಲಕಂಠಂಗೆ ಫೋನ್ ಮಾಡಿ. ಹೆಲ್ಮೆಟ್ ತಗೊಳ್ಳೋವರೆಗೂ ಬೈಕ್ ಮುಟ್ಟಕೂಡ್ದು, ಅಕ್ಕ ಹೇಳ್ತು ಅನ್ನಿ.”

“ಬೇಕಾದ್ರೆ ಇದ್ನೇ ಕೊಡ್ತೀನಿ ಕಣವ್ವ” ಎಂದು ಮಹದೇವಯ್ಯ ಕೊರಳ ಪಟ್ಟಿಗೆ ಕೈ ಹಾಕಿದ.

“ತೆಗೀಬೇಡ! ಅದನ್ನ ಹಾಕ್ಕೊಂಡೇ ಇಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತ್ಕೊ.”

ಒಳಗೆ ಹೋಗಿ ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದವಳೇ ಹೆಲ್ಮೆಟ್ಟಿಗೆ ಭಕ್ತಿಯಿಂದ ನಿವಾಳಿಸಿ, ಅಂಗಳದ ನೀರೊಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲವಲ್ಲ. ಮೂವರೂ ಉಸಿರು ಬಿಗಿಹಿಡಿದು ಕಾದರು. ಮೆಣಸಿನಕಾಯಿ ಚಟಪಟ ಎಂದು ಕಪ್ಪಾಯಿತು. ಯಾರಿಗೂ ಒಂದು ಸೀನು ಕೂಡ ಬರಲಿಲ್ಲ.

“ಘಾಟೇ ಇಲ್ಲ ನೋಡಿ! ಪಾಪ, ಎಂಥ ಕೆಟ್ಟ ಕಣ್ಣು ಬಿದ್ದಿತ್ತೋ ಈ ಹೆಲ್ಮೆಟ್ಟಿನ ಮೇಲೆ!”

ಕೋಲೂರಿ ಎದ್ದು ನಿಂತ ಸೋಮಶೇಖರ್ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದ: “ಮೊಳೆಗೆ ಹಾಕಿದಾಗಿಂದ ಅದನ್ನ ದಿನಾ ದುರುಗುಟ್ಕೊಂಡು ನೋಡ್ತಿದ್ದೋಳು ನೀನೊಬ್ಳೇ ಕಣೆ.”