ಬಾವಿ ಎಷ್ಟು, ಹಸು ಎಷ್ಟು

"ಅಲಸಂದೆ ತಿನ್ನೋರ ಊರು ಇದೇ ತಾನೆ? ಗಾಳಿ ಈ ಕಡೆ ಬೀಸಿದಾಗಲೇ ಗೊತ್ತಾಯ್ತು ಬಿಡು!"

ಸಜ್ಜೆ ಕುಟ್ಟುತ್ತಿದ್ದ ನ್ಯೇಲೆಯ ಒನಕೆ ಎತ್ತಿದಲ್ಲೇ ನಿಂತಿತು. ಎರಡು ವರ್ಷದಿಂದ ಕಿವಿಗೆ ಬೀಳದ ದನಿ. ಒನಕೆಯನ್ನು ಗೋಡೆಗೆ ಒರಗಿಸಿ, ಸೊಂಟದ ಬಟ್ಟೆ ಬಿಗಿ ಮಾಡಿಕೊಳ್ಳುತ್ತಲೇ ಊರ ಬಾಗಿಲಿಗೆ ಓಡಿದಳು.

ದಾರಿಗೆ ಅಡ್ಡ ಕಟ್ಟಿದ ಹಗ್ಗದ ಆಚೆ ಪೆಂದಾ ನಿಂತಿದ್ದಳು. ಮೈ ಅರ್ಧಕ್ಕೆ ಇಳಿದಿತ್ತು. ಸೊಂಟದ ಮೇಲೆ ಅದೇ ಹಾಲಿನ ಸೋರೆಬುರುಡೆ, ಹಾಲು ತುಳುಕದಂತೆ ಮೇಲೆ ತೇಲಿಬಿಟ್ಟ ಅದೇ ಹುಲ್ಲಿನ ಬಿಲ್ಲೆ. ಹಗ್ಗದ ಈಚೆ ಕೋವಿ ಹಿಡಿದು ನಿಂತವನು ನ್ಯೇಲೆಯ ಮಗ ಬಕಾರಿ. ಊರಕಾವಲಿನ ಇನ್ನಿಬ್ಬರು ಹುಣಸೆಮರದ ಬುಡದಲ್ಲಿ ಕೂತು ಅವನನ್ನೇ ನೋಡುತ್ತಿದ್ದರು.

ಮಾಲಿ ದೇಶದ ಆ ಸೀಮೆಯಲ್ಲಿ ದನ ಸಾಕುವ ಜಾಲೊ ಮನೆತನದವರೂ ಹೊಲ ಉಳುವ ಕುಲಿಬಾಲಿ ಮನೆತನದವರೂ ಎದುರಾದರೆ ಮೊದಲು ಬೈದಾಡಿಕೊಳ್ಳಬೇಕು. ಅದು ಅಜ್ಜಂದಿರ ಕಾಲದ ನಂಟು. ಒಬ್ಬರು ಬೈದದ್ದಕ್ಕೆ ಇನ್ನೊಬ್ಬರು ತಿರುಗಿ ಬೈದರೆ ಮುಗಿಯಿತು, ಆಮೇಲೆ ಅವರ ಮೇಲೆ ಕೈ ಎತ್ತುವಂತಿಲ್ಲ, ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ. ಬಕಾರಿ ಇನ್ನೂ ತೊದಲುತ್ತಿದ್ದ ಕಾಲದಲ್ಲೇ, ಬೆಳಗಿನ ಹಾಲು ತರುವ ಪೆಂದಾಳನ್ನು ಬಾಗಿಲಲ್ಲಿ ತಡೆದು, ಹಾಲಿಗೆ ನೀರು ಬೆರೆಸಿದ್ದೀಯೆಂದು ಹಂಗಿಸಿ ಕೇಳುತ್ತಿದ್ದ: "ಇವತ್ತು ಬಾವಿ ಎಷ್ಟು, ಹಸು ಎಷ್ಟು?" "ನಿನ್ನ ಕುಲಿಬಾಲಿ ಹೊಟ್ಟೆಗೆ ಬಾವಿನೇ ಹೆಚ್ಚಾಯ್ತು ಹೋಗೋ" ಎಂದು ಅವನ ಕಿವಿ ಹಿಂಡಿ, ಮೊದಲ ಗುಟುಕು ಅವನಿಗೇ ಕುಡಿಸಿ ಪೆಂದಾ ಒಳಗೆ ಬರುತ್ತಿದ್ದಳು.

"ಬಾಯಿ ಹೊಲಿದಿದಾರೇನೋ ನಿಂಗೆ?" ಎಂದಳು ಈಗ. "ಇಲ್ಲಾ, ಬಾಯ್ತುಂಬ ಅಲಸಂದೆನಾ?"

ಬಕಾರಿ ಕೋವಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

"ಏನಾಯ್ತೇ, ಹೇಳೇ," ಎಂದು ನ್ಯೇಲೆ ಹಗ್ಗದ ಹತ್ತಿರ ಹೋದಳು.

"ಬಯಲಲ್ಲಿ ನೀರು ಮುಗೀತು ಕಣೇ. ಹನ್ನೊಂದು ಹಸು ಉಳಿದಾವೆ. ನಮ್ಮ ಹಳೇ ಗುಡಿಸಲ ಜಾಗಕ್ಕೆ ಬರೋಣ ಅಂತ. ನಿನ್ನ ಅಲಸಂದೆ ನೆಂಟರು ತಿರುಗಿ ಬೈದ್ರೆ ಹಸು ಹೊಡ್ಕೊಂಡು ಬರ್ತೀನಿ, ಬೈಲಿಲ್ಲ ಅಂದ್ರೆ ಗಡಿ ದಾಟಿ ಹೋಗಿಬಿಡೋಣ ಅಂದಿದಾನೆ ನನ್ನ ಗಂಡ."

"ಥೂ ನೀರುಹಾಲಿನೋಳೆ, ಅದಕ್ಕೆ ಇಷ್ಟು ದಿನ..."

"ನಿನ್ನ ಬೈಗುಳ ನಂಗೆ ಗೊತ್ತಿರೋದೇ ಬಿಡೇ. ಕೋವಿ ಇರೋದು ಅವನ ಕೈಲಿ."

"ಕಾಗದ ಇದೆಯಾ?" ಎಂದ ಮರದ ಬುಡದಲ್ಲಿದ್ದ ಒಬ್ಬ.

ಪೆಂದಾ ನಕ್ಕಳು. "ಇಲ್ದೆ ಏನಪ್ಪಾ! ಗುಡಿಸಲ ಪಕ್ಕದ ಆ ಪಟ್ಟಿ ನೆಲ ದನದ ದಾರಿ ಅಂತ ನಮ್ಮ ಹತ್ರ ಒಂದು. ನಿಮ್ಮ ಹೊಲ ಅಂತ ನಿಮ್ಮ ಹತ್ರ ಒಂದು. ಒಂದೇ ನೆಲ, ಒಬ್ಬನೇ ಸಾಹೇಬ, ಒಂದೇ ಮೊಹರು."

ಸುಳ್ಳೇನಲ್ಲ. ಆ ಸಾಹೇಬನಿಗೆ ಎರಡೂ ಕಡೆಯವರು ಕುರಿ ಕಡಿದು ಊಟ ಹಾಕಿದ್ದರು. ಅವನಿಗೆ ವರ್ಗವಾಯಿತು. ಆಮೇಲೆ ಆರು ವರ್ಷ ಎರಡೂ ಕಡೆಯ ಹಿರಿಯರು ಒಂದೇ ಕತ್ತೆಗಾಡಿಯಲ್ಲಿ ಕೂತು, ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಬೈದು ನಗುತ್ತ, ಕೋರ್ಟಿಗೆ ಹೋಗಿಬಂದರು. ಏಳನೆಯ ವರ್ಷ ಹೋದಾಗ ಕೋರ್ಟಿನ ಬಾಗಿಲಿಗೆ ಬೀಗ. ಜಗುಲಿಯ ಮೇಲೆ ಮೇಕೆಗಳು ಮಲಗಿದ್ದವು. ಹಿಂತಿರುಗುವಾಗ ಗಾಡಿಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಆ ವರ್ಷದ ಬಿತ್ತನೆಯ ಹೊತ್ತಿಗೆ ಈ ಊರಿಗೂ ಕೋವಿ ಬಂತು, ಆಚೆಯವರಿಗೂ ಬಂತು. ಮೊದಲು ಸತ್ತವನು ಪೆಂದಾಳ ಮೈದುನ. ಎರಡನೆಯವನು ಬಕಾರಿಯ ಜೊತೆಗಾರ. ಪೆಂದಾಳ ಮನೆಯವರು ಗುಡಿಸಲು ಬಿಟ್ಟು, ಹಸು ಹೊಡೆದುಕೊಂಡು ಬಯಲಿಗೆ ಹೋದರು.

ಆಮೇಲೂ ನ್ಯೇಲೆ ದಿನಾ ಒಂದು ಬೊಗಸೆ ಸಜ್ಜೆ ಹೆಚ್ಚಿಗೆ ಕುಟ್ಟುತ್ತಿದ್ದಳು. ಹಾಲಿಗೆ ಬದಲಾಗಿ ಪೆಂದಾಳ ಸೆರಗಿಗೆ ಸುರಿಯುತ್ತಿದ್ದ ಬೊಗಸೆ ಅದು. ಬೇಡವೆಂದು ಮನಸ್ಸಿಗೆ ಹೇಳಿದರೂ ಕೈ ಕೇಳುತ್ತಿರಲಿಲ್ಲ.

"ಒಂದೇ ಒಂದು ಮಾತು ಬೈಯೋ ಮಗನೇ," ಎಂದಳು ಮೆಲ್ಲಗೆ. "ನಿಂಗೆ ಬಾರದ ಮಾತೇನಲ್ಲವಲ್ಲ."

ಬಕಾರಿ ಒಮ್ಮೆ ಹುಣಸೆಮರದ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ. "ಕ್ಷಮಿಸಬೇಕು ತಾಯಿ. ನಮಗೆ ಅಪ್ಪಣೆ ಇಲ್ಲ. ತಾವು ದಯವಿಟ್ಟು ಹಿಂದಕ್ಕೆ ಹೋಗಬೇಕು."

ಅಷ್ಟು ಹೊತ್ತೂ ನಗುತ್ತಿದ್ದ ಪೆಂದಾಳ ಮುಖ ಆರಿಹೋಯಿತು. ಆ ಊರಲ್ಲಿ ಇದುವರೆಗೆ ಯಾರೂ ಅವಳಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಬಗ್ಗಿ, ಸೋರೆಬುರುಡೆಯನ್ನು ಹಗ್ಗದ ಅಡಿಯಿಂದ ಈಚೆಗೆ ಸರಿಸಿದಳು. ನಾಳೆ ಬುರುಡೆ ತೊಳೆದಿಟ್ಟಿರು ಎಂದು ದಿನಾ ಹೇಳುತ್ತಿದ್ದವಳು ಇವತ್ತು ಹೇಳಲಿಲ್ಲ. ತಿರುಗಿ ನಡೆದಳು.

ನ್ಯೇಲೆ ಹಗ್ಗ ಹಿಡಿದುಕೊಂಡು ನಿಂತೇ ಇದ್ದಳು. ಕೊಯ್ದ ಸಜ್ಜೆಯ ಕೂಳೆಗಳ ನಡುವೆ ಪೆಂದಾಳ ನೀಲಿ ಬಟ್ಟೆ ಚಿಕ್ಕದಾಗುತ್ತ ಹೋಯಿತು. ಹಿಂದೆ ಏನೋ ಸದ್ದಾಯಿತು. ಬಕಾರಿ ಕೋವಿಯನ್ನು ನೆಲಕ್ಕಿಟ್ಟು ಮಂಡಿಯೂರಿದ್ದ. ಹುಲ್ಲಿನ ಬಿಲ್ಲೆ ಸರಿಸಿ, ಹಾಲಿನೊಳಗೆ ನೋಡುತ್ತ, ಮರದ ಬುಡದವರಿಗೆ ಕೇಳದಷ್ಟು ಸಣ್ಣಗೆ ಅಂದ:

"ಇವತ್ತು ಬಾವಿ ಎಷ್ಟು, ಹಸು ಎಷ್ಟು?"

ನ್ಯೇಲೆ ಅವನ ಕಡೆ ತಿರುಗಲಿಲ್ಲ. ಹೊಲದ ಕಡೆಗೇ ನೋಡುತ್ತ ಹೇಳಿದಳು:

"ಜೋರಾಗಿ ಕೇಳೋ. ಇನ್ನೂ ಕಾಣ್ತಾ ಇದಾಳೆ."